ಮಹಾಮಾರಿ ಟೈಮಲ್ಲಿ ಸರ್ವೆ, ಸ್ಯಾಂಪಲ್, ಟ್ರಯಲ್: ಪೋಡು, ತಾಂಡಾ, ಸ್ಲಮ್ಮುಗಳಲ್ಲಿ ಕೆಲಸ ಮಾಡೋರು ಪದೇ ಪದೇ ಕೇಳೋ ಪ್ರಶ್ನೆಗಳು

ಕೊರೋನಾ ಟೈಮಲ್ಲಿ ಚಾಮರಾಜನಗರ, ಮೈಸೂರು ಕಡೆಯ ಪೋಡು-ಹಾಡಿಗಳಲ್ಲಿ (ಕಾಡಂಚಿನ ಬುಡಕಟ್ಟು ಜನರ ಊರುಗಳಲ್ಲಿ), ಬೆಂಗಳೂರಲ್ಲಿ ಕಟ್ಟಡ ಕೆಲಸದವರ ಶೆಡ್ಡುಗಳಲ್ಲಿ ಸರ್ವೆ ಟೀಮುಗಳ ಜೊತೆ ಓಡಾಡಿದೀನಿ. ಈಗ್ಲೂ ಪಬ್ಲಿಕ್ ಹೆಲ್ತ್ ಓದೋ ಹುಡುಗ್ರು, ಆಶಾ ಅಕ್ಕಂದ್ರು, ಎನ್‌ಜಿಒದವ್ರು ಫೋನ್ ಮಾಡಿ ಅದದೇ ಪ್ರಶ್ನೆ ಕೇಳ್ತಾರೆ. ಎಲ್ಲಾ ಒಂದ್ಕಡೆ ಬರೆದಿಟ್ರೆ ಮುಂದಿನ ರೋಗ ಬರೋ ಹೊತ್ತಿಗಾದ್ರೂ ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಕೂತು ಬರೆದೆ.

ಜನ ಸಾಯ್ತಿರೋವಾಗ ಚಿಕಿತ್ಸೆ ಬಿಟ್ಟು ರಿಸರ್ಚ್ ಮಾಡ್ಕೊಂಡು ಕೂರೋದು ಸರಿನಾ?

ಈ ಪ್ರಶ್ನೆನ ಜನ ಸಿಟ್ಟಲ್ಲಿ ಕೇಳ್ತಾರೆ, ಆ ಸಿಟ್ಟು ನ್ಯಾಯವಾಗೇ ಇದೆ. ಆದ್ರೆ 2020ರ ಮಾರ್ಚ್-ಏಪ್ರಿಲ್ ನೆನಪು ಮಾಡ್ಕೊಳ್ಳಿ, ಯಾವ ಔಷಧಿ ಕೆಲಸ ಮಾಡತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಗೆ ಜನ ಮೆಡಿಕಲ್ ಶಾಪ್ ಸುತ್ತಿದ್ದೇ ಸುತ್ತಿದ್ದು. ಇಂಗ್ಲೆಂಡಿನವ್ರು ರಿಕವರಿ ಅನ್ನೋ ಟ್ರಯಲ್ (ಔಷಧಿ ಕೆಲಸ ಮಾಡತ್ತಾ ಅಂತ ಜನರ ಮೇಲೆ ನೋಡೋ ಪ್ರಯೋಗ) ಮಾಡಿದ್ಮೇಲೆ ಗೊತ್ತಾಯ್ತು, ಆಸ್ಪತ್ರೆ ಸೇರಿದವ್ರಿಗೆ ಆ ಮಾತ್ರೆಯಿಂದ ಪ್ರಯೋಜನ ಇಲ್ಲ ಅಂತ. ಅದೇ ಟ್ರಯಲ್ ಜೂನ್ 16ಕ್ಕೆ ಇನ್ನೊಂದು ವಿಷಯ ಹೇಳ್ತು, ಡೆಕ್ಸಾಮೆಥಾಸೋನ್ ಅನ್ನೋ ಹಳೇ, ಕಮ್ಮಿ ರೇಟಿನ ಸ್ಟೀರಾಯ್ಡು ಆಕ್ಸಿಜನ್ ಮೇಲಿರೋರ ಜೀವ ಉಳಿಸತ್ತೆ ಅಂತ. ಅಂದ್ರೆ ರಿಸರ್ಚೂ ಚಿಕಿತ್ಸೆಯ ಭಾಗನೇ.

ಒಂದು ಶರತ್ತು ಮಾತ್ರ ನಾನು ಯಾವತ್ತೂ ಬಿಟ್ಟುಕೊಡಲ್ಲ. ಹೋದ ಮನೇಲಿ ಜ್ವರ ಬಂದು ಮಲಗಿದವ್ರು ಕಂಡ್ರೆ ಮೊದ್ಲು ಅವ್ರನ್ನ ಪಿಎಚ್‌ಸಿಗೆ ಕಳಿಸೋ ವ್ಯವಸ್ಥೆ ಆಗ್ಬೇಕು, ಗಾಡಿ ಇಲ್ಲಾಂದ್ರೆ ಟೀಮಿನ ಗಾಡೀಲೇ ಹೋಗ್ಲಿ, ಪ್ರಶ್ನೆ ಪೇಪರ್ ಆಮೇಲೆ.

ಇವ್ರನ್ನೇ ಹುಡುಕ್ಕೊಂಡು ಹೋಗಿ ಸೇರಿಸ್ಬೇಕಾ? ಸಿಟಿ ಆಸ್ಪತ್ರೆಗಳ ಡೇಟಾ ಸಾಕಲ್ವಾ?

ಸಾಲಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರು ಅಂತಾರಲ್ಲ, ಹಾಗಾಗತ್ತೆ. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡುಗಳಲ್ಲಿ ಸುಮಾರು 7 ಸಾವಿರ ಜನರ ರಕ್ತ ಪರೀಕ್ಷೆ ಮಾಡಿದ್ರು. ಸ್ಲಮ್ಮಿನವರಲ್ಲಿ 57 ಪರ್ಸೆಂಟ್ ಜನಕ್ಕೆ ಆಂಟಿಬಾಡಿ, ಅಂದ್ರೆ ಸೋಂಕು ಬಂದು ಹೋದ ಗುರುತು, ಬಂದಿತ್ತು, ಅದೇ ವಾರ್ಡುಗಳ ಬಿಲ್ಡಿಂಗಿನವರಲ್ಲಿ ಬರೀ 16. ಒಂದೇ ವಾರ್ಡು, ಒಂದೇ ಊರು, ರೋಗದ ಲೆಕ್ಕ ಮಾತ್ರ ಪೂರ್ತಿ ಬೇರೆ. ಹತ್ತಾರು ಮನೆಗೆ ಒಂದೇ ಟಾಯ್ಲೆಟ್ ಇದ್ದ ಕಡೆ ಆರಡಿ ದೂರ ಇರಿ ಅಂದ್ರೆ ಎಲ್ಲಿ ಇರ್ತಾರೆ? ಬಿಲ್ಡಿಂಗಿನವರ ಲೆಕ್ಕ ಮಾತ್ರ ನೋಡಿದ್ದಿದ್ರೆ ಪಕ್ಕದಲ್ಲೇ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸೋಂಕು ಬಂದು ಹೋಗಿದೆ ಅಂತ ಗೊತ್ತಾಗ್ತಾನೇ ಇರ್ಲಿಲ್ಲ.

ಇನ್ನೊಂದು ಉದಾಹರಣೆ, ಇದನ್ನ ನಾನು ಎಲ್ಲಾ ಟ್ರೈನಿಂಗಲ್ಲೂ ಹೇಳ್ತೀನಿ. ಬೆರಳಿಗೆ ಹಾಕೋ ಪಲ್ಸ್ ಆಕ್ಸಿಮೀಟರ್ ಇದೆಯಲ್ಲ, 2020ರ ಡಿಸೆಂಬರಲ್ಲಿ ಅಮೆರಿಕದ ಮಿಷಿಗನ್‌ನ ಡಾಕ್ಟರುಗಳು ಅದರ ಲೆಕ್ಕ ತಾಳೆ ಹಾಕಿದ್ರು. ಮೆಷಿನ್ನು 92ರಿಂದ 96 ತೋರಿಸ್ತಿದ್ರೂ ರಕ್ತ ತೆಗೆದು ನೋಡಿದ್ರೆ ಆಕ್ಸಿಜನ್ 88ಕ್ಕಿಂತ ಕೆಳಗೆ ಇದ್ದಿದ್ದು ಬಿಳಿಯರಲ್ಲಿ 3.6 ಪರ್ಸೆಂಟ್, ಕಪ್ಪು ಜನರಲ್ಲಿ 11.7 ಪರ್ಸೆಂಟ್. ಕಪ್ಪು ಚರ್ಮದ ಮೇಲೆ ಆ ಮೆಷಿನ್ನು ತಪ್ಪು ಹೇಳೋದು ಮೂರು ಪಟ್ಟು ಜಾಸ್ತಿ. ಆಶಾ ಅಕ್ಕ ಮನೆಮನೆಗೆ ಹಿಡ್ಕೊಂಡು ಹೋಗಿದ್ದೂ ಆ ತರದ್ದೇ ಮೆಷಿನ್ನು, ಬಿಸ್ಲಲ್ಲಿ ದುಡಿದು ಕಪ್ಪಾಗಿ ಒಡೆದ ಬೆರಳಿಗೆ ಸಿಕ್ಕಿಸಿ "95 ಇದೆ, ಏನೂ ಆಗಲ್ಲ ಬಿಡಿ" ಅಂತ ಹೇಳಿ ಬಂದಿದ್ದನ್ನ ನಾನೇ ಪಕ್ಕದಲ್ಲಿ ನಿಂತು ನೋಡಿದೀನಿ. ಅವ್ರದ್ದೇನೂ ತಪ್ಪಿಲ್ಲ. ಮೆಷಿನ್ ತಯಾರಾದಾಗ ಇಂಥ ಬೆರಳುಗಳ ಮೇಲೆ ಸಾಕಷ್ಟು ಪರೀಕ್ಷೆ ಆಗಿರ್ಲಿಲ್ಲ.

ಅಂಚಿನ ಸಮುದಾಯ ಅಂದ್ರೆ ಯಾರ್ಯಾರು? ಎಸ್‌ಸಿ, ಎಸ್‌ಟಿ ಮಾತ್ರನಾ?

ಅಲ್ಲ. ಯಾವ ಲೆಕ್ಕಕ್ಕೂ ಸಿಗದವ್ರು ಅಂತ ಇಟ್ಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಹೆಗ್ಗಡದೇವನ ಕೋಟೆ ಕಡೆಯ ಜೇನುಕುರುಬರು, ಕರಾವಳಿಯ ಕೊರಗರು, ಕಬ್ಬು ಕಡಿಯಕ್ಕೆ ವರ್ಷದಲ್ಲಿ ಅರ್ಧ ಕಾಲ ಊರು ಬಿಟ್ಟಿರೋ ತಾಂಡಾದವ್ರು, ಯಾದಗಿರಿ ರಾಯಚೂರಿಂದ ಬಂದು ಬೆಂಗಳೂರಲ್ಲಿ ತಗಡಿನ ಶೆಡ್ಡಲ್ಲಿ ಇರೋರು, ಪೌರಕಾರ್ಮಿಕರು, ಲೈಂಗಿಕ ಅಲ್ಪಸಂಖ್ಯಾತರು, ಅಂಗವಿಕಲರು, ಒಂಟಿಯಾಗಿರೋ ವಯಸ್ಸಾದವ್ರು.

2020ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಮೊದಲ ಸೆರೋ ಸರ್ವೆ (ಎಷ್ಟು ಜನಕ್ಕೆ ಸೋಂಕು ತಾಗಿದೆ ಅಂತ ಪರೀಕ್ಷೆ ಮಾಡಿ ನೋಡೋ ಸರ್ವೆ) ಆಯ್ತು, ಸುಮಾರು 27 ಪರ್ಸೆಂಟ್ ಜನಕ್ಕೆ ಆಗಲೇ ಸೋಂಕು ತಾಗಿದೆ ಅಂತ ಬಂತು. ಅದ್ರಲ್ಲಿ ಚೆಕಪ್ಪಿಗೆ ಬಂದ ಗರ್ಭಿಣಿಯರು, ಮಾರ್ಕೆಟ್ ವ್ಯಾಪಾರಿಗಳು, ಬಸ್ ಕಂಡಕ್ಟರುಗಳು, ಪೌರಕಾರ್ಮಿಕರು, ವಯಸ್ಸಾದವ್ರು ಹೀಗೆ ಗುಂಪು ಮಾಡ್ಕೊಂಡು ಸ್ಯಾಂಪಲ್ ತಗೊಂಡಿದ್ರು. ಅಷ್ಟು ಬೇಗ ಉತ್ತರ ಬೇಕಂದ್ರೆ ಅದು ಒಳ್ಳೇ ದಾರಿನೇ, ಪೌರಕಾರ್ಮಿಕರನ್ನ ಬೇರೆಯಾಗಿ ಯೋಚಿಸಿದ್ದು ನಂಗೆ ತುಂಬಾ ಹಿಡಿಸ್ತು. ಆದ್ರೆ ಆಸ್ಪತ್ರೆಗೂ ಬರದೇ ಮಾರ್ಕೆಟ್ಟಿಗೂ ಬರದೇ ಇರೋರು ಇಂಥ ವಿಧಾನದಲ್ಲಿ ಕಣ್ಣಿಗೆ ಬೀಳೋದು ಕಷ್ಟ. ಅವ್ರಿಗೆ ನಾವೇ ನಡ್ಕೊಂಡು ಹೋಗ್ಬೇಕು.

ನಾವು ಒಳ್ಳೇದಕ್ಕೇ ಬಂದಿದೀವಿ ಅಂದ್ರೂ ಜನ ಯಾಕೆ ನಂಬಲ್ಲ?

2021ರ ಬೇಸಿಗೇಲಿ ನಾವು ಒಂದು ಪೋಡಿಗೆ ಹೋದಾಗ ಜೀಪಿನ ಸದ್ದಿಗೇ ಅರ್ಧ ಜನ ಕಾಡು ಸೇರ್ಕೊಂಡಿದ್ರು. ಟೀಮಿನ ಒಬ್ಬ ಹುಡುಗ "ಮೂಢನಂಬಿಕೆ ಸಾರ್" ಅಂದ. ಸಂಜೆ ತನಕ ಅಲ್ಲೇ ಕೂತ್ವಿ, ಒಬ್ಬ ಅಜ್ಜಿ ಮಾತ್ರ ಹಟ್ಟಿ ಮುಂದೆ ರಾಗಿ ಕೇರ್ತಾ ಇದ್ರು. ಕೊನೆಗೆ ಅವ್ರೇ ಬಾಯಿಬಿಟ್ರು. "ನಾಕ್ ಸಲ ರಕ್ತ ತಕ್ಕಂಡೋಗವ್ರೆ ಕಣಪ್ಪ, ನಂಗೇನ್ ಕಾಯ್ಲೆ ಅಂತ ಒಂದ್ ಸಲನೂ ಬಂದ್ ಯೋಳ್ನಿಲ್ಲ." ಇದು ಮೂಢನಂಬಿಕೆ ಹೇಗಾಗತ್ತೆ? ನಾಲ್ಕು ಸಲದ ಅನುಭವ ಅದು. ನಮ್ಮ ಮನೆ ಬಾಗಿಲಿಗೆ ನಾಲ್ಕು ಸಲ ಬಂದು ರಕ್ತ ತಗೊಂಡು ಮತ್ತೆ ಮುಖ ತೋರಿಸ್ದೇ ಇದ್ರೆ ಐದನೇ ಸಲ ನಾವು ಬಾಗಿಲು ತೆಗೀತೀವಾ?

ಜಗತ್ತಿನ ಚರಿತ್ರೇಲೂ ಇದೇ ಇದೆ. ಅಮೆರಿಕದ ಟಸ್ಕಿಗೀಲಿ 1932ರಿಂದ 1972ರ ತನಕ, 40 ವರ್ಷ, ಸುಮಾರು 600 ಬಡ ಕಪ್ಪು ಗಂಡಸರನ್ನ ಸಿಫಿಲಿಸ್ ಅಧ್ಯಯನಕ್ಕೆ ಇಟ್ಕೊಂಡ್ರು, ಅವರಲ್ಲಿ 399 ಜನಕ್ಕೆ ರೋಗ ಇತ್ತು, ಪೆನಿಸಿಲಿನ್ ಸಿಗೋ ಹಾಗಾದ ಮೇಲೂ ಕೊಡ್ಲಿಲ್ಲ, ಸುಮ್ನೆ ನೋಡ್ತಾ ಕೂತ್ರು. ನಮ್ಮಲ್ಲೇ 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ 10ರಿಂದ 14 ವರ್ಷದ ಹೆಣ್ಮಕ್ಕಳಿಗೆ ಎಚ್‌ಪಿವಿ ಲಸಿಕೆಯ (ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ) ಅಧ್ಯಯನ ಶುರುವಾಯ್ತು, ಅವ್ರಲ್ಲಿ ತುಂಬಾ ಜನ ಬುಡಕಟ್ಟು ಮಕ್ಕಳು, ಎಷ್ಟೋ ಕಡೆ ಅಪ್ಪ-ಅಮ್ಮನ ಬದಲು ಹಾಸ್ಟೆಲ್ ವಾರ್ಡನ್ನೇ ಸಹಿ ಹಾಕಿದ್ರು. ಏಳು ಮಕ್ಕಳು ತೀರ್ಕೊಂಡ್ರು. ಲಸಿಕೆಯಿಂದ ಸತ್ರು ಅಂತ ತನಿಖೇಲಿ ಕಂಡುಬರ್ಲಿಲ್ಲ, ಆದ್ರೂ 2010ರಲ್ಲಿ ನಿಲ್ಲಿಸ್ಬೇಕಾಯ್ತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕೆ ಮಾಡ್ತು. ಲಸಿಕೆ ಒಳ್ಳೇದೇ, ನನ್ನ ಮಗಳಿಗೂ ಹಾಕಿಸಿದೀನಿ. ಕೇಳೋ ರೀತಿಲಿ ಕೇಳದೇ ಇದ್ರೆ ಒಳ್ಳೇ ಲಸಿಕೆಗೂ ಕೆಟ್ಟ ಹೆಸರು ಬರತ್ತೆ, ಅದನ್ನ ತೊಳೆಯಕ್ಕೆ ವರ್ಷಗಟ್ಲೆ ಬೇಕು.

ಕೋವಿಡ್ ಟೈಮಲ್ಲೂ ಆಯ್ತು. 2021ರ ಜನವರಿ ಹೊತ್ತಿಗೆ ಭೋಪಾಲದಲ್ಲಿ ಅನಿಲ ದುರಂತದ ಸಂತ್ರಸ್ತರು ಇರೋ ಕಾಲೋನಿಗಳ ಜನ, ನಮಗೆ 750 ರೂಪಾಯಿ ಕೊಟ್ಟು ಕೊರೋನಾ ಲಸಿಕೆ ಅಂತ ಹಾಕಿದ್ರು, ಟ್ರಯಲ್ ಅಂತ ಯಾರೂ ಹೇಳ್ಲಿಲ್ಲ ಅಂತ ಆರೋಪ ಮಾಡಿದ್ರು. ಎಲ್ಲಾ ನಿಯಮದ ಪ್ರಕಾರನೇ ಮಾಡಿದೀವಿ ಅಂತ ಆಸ್ಪತ್ರೆಯವ್ರು ಹೇಳಿದ್ರು. ಇಂಥ ಸುದ್ದಿ ವಾಟ್ಸಾಪಲ್ಲಿ ನಮ್ಮ ಊರಿಗೂ ಬರತ್ತೆ, ನೀವು ಹೋಗೋಕೆ ಮುಂಚೆನೇ ಬಂದು ಕೂತಿರತ್ತೆ.

ಹಾಗಾದ್ರೆ ಮೊದಲ ದಿನ ಯಾರ ಹತ್ರ ಹೋಗ್ಬೇಕು?

ಮೊದಲ ದಿನ ಸಿರಿಂಜ್ ತಗೊಂಡು ಹೋಗ್ಬೇಡಿ, ಇಷ್ಟು ಮಾಡಿದ್ರೆ ಅರ್ಧ ಕೆಲಸ ಆದಂಗೆ. ಪೋಡಲ್ಲಿ, ಹಾಡೀಲಿ ಯಜಮಾನರು ಇರ್ತಾರೆ, ತಾಂಡಾದಲ್ಲಿ ನಾಯ್ಕ, ಕಾರಭಾರಿ ಇರ್ತಾರೆ, ಅವ್ರಿಗೆ ಹೇಳದೇ ಒಳಗೆ ಹೋಗೋದು ಮರ್ಯಾದೆ ಅಲ್ಲ. ಆಮೇಲೆ ಆಶಾ, ಅಂಗನವಾಡಿ ಟೀಚರ್, ಸ್ವಸಹಾಯ ಸಂಘದ ಹೆಂಗಸರು. ಶೆಡ್ಡುಗಳಲ್ಲಾದ್ರೆ ಮೇಸ್ತ್ರಿ ಇರ್ತಾನೆ, ಆದ್ರೆ ಅವನ ಮೂಲಕ ಹೋದ್ರೆ ಕೂಲಿಯವ್ರು ಬೇಡ ಅನ್ನಕ್ಕೆ ಹೆದರ್ತಾರೆ, ಅದು ನೆನಪಿರ್ಲಿ.

ಟೈಮೂ ನೋಡ್ಕೊಳ್ಳಿ. ಬೆಳಿಗ್ಗೆ ಹತ್ತು ಗಂಟೆಗೆ ಹೋದ್ರೆ ಸಿಗೋದು ಕೂಲಿಗೆ ಹೋಗಕ್ಕಾಗದ ವಯಸ್ಸಾದವ್ರು, ಮಕ್ಕಳು ಅಷ್ಟೇ, ಆ ಡೇಟಾ ಇಟ್ಕೊಂಡು ಊರಿನ ಲೆಕ್ಕ ಹೇಳಕ್ಕಾಗಲ್ಲ. ಸಂಜೆ ಒಲೆ ಹಚ್ಚೋ ಹೊತ್ತಿಗೆ ಹೋಗಿ.

ಇನ್ನೊಂದು ಮಾತು, ನಿಮ್ಮ ಪ್ರಶ್ನೆ ಪೇಪರ್ ಫೈನಲ್ ಆಗೋಕೆ ಮುಂಚೆ ಹೋಗ್ಬೇಕು. ನಾವು ಮಾಸ್ಕ್ ಹಾಕ್ತೀರಾ, ಕೈ ತೊಳೀತೀರಾ ಅಂತ ಎರಡು ಪುಟ ಪ್ರಶ್ನೆ ಮಾಡ್ಕೊಂಡು ಹೋಗಿದ್ವಿ. ಒಬ್ಬ ತಾಯಿ ಕೇಳಿದ್ರು, ಬೋರ್‌ವೆಲ್ ಕೆಟ್ಟು ಎರಡು ತಿಂಗ್ಳಾಯ್ತು, ಅದನ್ನ ಯಾಕೆ ಬರ್ಕೊಳ್ಳಲ್ಲ ಅಂತ. ವಾಪಸ್ ಬಂದು ನೀರಿನ ಬಗ್ಗೆ ನಾಲ್ಕು ಪ್ರಶ್ನೆ ಸೇರಿಸಿದ್ವಿ, ಆ ಸರ್ವೇಲಿ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಆ ನಾಲ್ಕೇ.

ಯಜಮಾನ್ರು ಒಪ್ಪಿದ್ರೆ ಸಾಕಲ್ವಾ? ಒಬ್ಬೊಬ್ಬರನ್ನೂ ಕೇಳ್ಬೇಕಾ?

ಒಬ್ಬೊಬ್ಬರನ್ನೂ ಕೇಳ್ಬೇಕು. ಯಜಮಾನ್ರು ಒಪ್ಪಿದ್ರೆ ಊರೊಳಗೆ ಬರಬಹುದು ಅಂತ ಅಷ್ಟೇ ಅರ್ಥ. ಹೆಂಗಸರನ್ನ ಗಂಡಂದ್ರು ಎದುರಿಗಿಲ್ಲದಾಗ ಕೇಳಿ.

ಓದು ಬರಹ ಬರದವ್ರಿಗೆ ಸಮ್ಮತಿ ಪತ್ರ ಹೇಗೆ?

ನಿಯಮ ಹೇಳೋದು ಇಷ್ಟು: ಅವರ ಭಾಷೇಲಿ ಓದಿ ಹೇಳ್ಬೇಕು, ಟೀಮಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪೂರ್ತಿ ಹೊತ್ತು ಪಕ್ಕದಲ್ಲಿ ಇರ್ಬೇಕು, ಒಪ್ಪಿದ್ರೆ ಹೆಬ್ಬೆಟ್ಟು, ಸಾಕ್ಷಿ ಸಹಿ, ಒಂದು ಪ್ರತಿ ಅವರ ಕೈಗೆ. ಹೊಸ ಔಷಧಿಗಳ ಟ್ರಯಲ್ಲಿನಲ್ಲಿ ದುರ್ಬಲ ವರ್ಗದವ್ರು ಇದ್ರೆ ವಿಡಿಯೋ ರೆಕಾರ್ಡಿಂಗಿನ ನಿಯಮನೂ ಇದೆ.

ಇದು ಕಾಗದದ ಮೇಲಿನ ಮಾತು. ನಿಜವಾಗಿ ಏನಾಗತ್ತೆ ಅಂದ್ರೆ, ಐದು ಪುಟದ ಕನ್ನಡ ಫಾರ್ಮು, ಅದೂ ಯಾರೋ ಇಂಗ್ಲಿಷಿಂದ ಪದಕ್ಕೆ ಪದ ಇಳಿಸಿದ್ದು, "ಯಾದೃಚ್ಛಿಕ ಮಾದರಿಯ ಮೂಲಕ ತಮ್ಮನ್ನು ಆಯ್ಕೆಮಾಡಲಾಗಿದ್ದು" ಅಂತ ಹುಡುಗ ಓದ್ತಾ ಇರ್ತಾನೆ, ಎದುರಿಗಿರೋರು ಇಂಕ್ ಪ್ಯಾಡಿನ ಕಡೆ ನೋಡ್ತಿರ್ತಾರೆ, ಯಾಕಂದ್ರೆ ರೇಷನ್ ಅಂಗಡಿಲೂ ಹೆಬ್ಬೆಟ್ಟು, ಬ್ಯಾಂಕಲ್ಲೂ ಹೆಬ್ಬೆಟ್ಟು, ಒತ್ತಿದ್ರೆ ಏನೋ ಸಿಗತ್ತೆ ಅನ್ನೋದೇ ಅವ್ರಿಗೆ ಅಭ್ಯಾಸ. ಆ ಪದ ಬಿಟ್ಟು "ಚೀಟಿ ಎತ್ತಿದ ಹಾಗೆ, ನಿಮ್ಮ ಮನೆ ಬಂತು" ಅನ್ನಿ, ತಕ್ಷಣ ಅರ್ಥ ಆಗತ್ತೆ. ಐದು ಎಂಎಲ್ ಅನ್ನೋ ಬದಲು ಒಂದು ಸಣ್ಣ ಚಮಚ ತೋರಿಸಿ. ಹೇಳಿ ಮುಗಿಸಿದ್ಮೇಲೆ "ಅರ್ಥ ಆಯ್ತಾ" ಅಂತ ಕೇಳ್ಬೇಡಿ, ಎಲ್ರೂ ಹೂಂ ಅಂತಾರೆ. "ಈಗ ನಿಮ್ಮ ಅತ್ತೆಗೆ ಇದನ್ನ ಹೇಗೆ ಹೇಳ್ತೀರಿ, ಹೇಳಿ ನೋಡಣ" ಅನ್ನಿ. ಬೇಡ ಅಂದ್ರೆ ರೇಷನ್ ಕಾರ್ಡಿಗೆ, ಪಿಂಚಣಿಗೆ, ಆಸ್ಪತ್ರೆಗೆ ಏನೂ ತೊಂದ್ರೆ ಆಗಲ್ಲ ಅನ್ನೋದನ್ನ ಎರಡು ಸಲ ಹೇಳಿ.

ಲಂಬಾಣಿ, ತುಳು, ಉರ್ದು ಮಾತಾಡೋ ಮನೆಗೆ ಆ ಭಾಷೆ ಬರೋರೇ ಹೋಗ್ಲಿ. ಶೆಡ್ಡುಗಳಲ್ಲಿ ಒಡಿಯಾ, ಬಂಗಾಳಿಯವ್ರೂ ಇರ್ತಾರೆ.

ರಕ್ತ ಎಲ್ಲಿಗೆ ಹೋಗತ್ತೆ ಅಂತ ಕೇಳಿದ್ರೆ ಏನು ಹೇಳೋದು?

ನಿಜ ಹೇಳೋದು. ಯಾವ ಲ್ಯಾಬು, ಯಾವ ಪರೀಕ್ಷೆ, ಎಷ್ಟು ದಿನ ಇಡ್ತಾರೆ, ಆಮೇಲೆ ಏನು ಮಾಡ್ತಾರೆ. ಅಮೆರಿಕದ ಹವಾಸುಪಾಯ್ ಬುಡಕಟ್ಟಿನವ್ರು 1990ರಿಂದ ಸಕ್ಕರೆ ಕಾಯಿಲೆಯ ಅಧ್ಯಯನ ಅಂತ ರಕ್ತ ಕೊಟ್ರು, ಮುಂದೆ ಅದೇ ರಕ್ತದ ಮೇಲೆ ಮಾನಸಿಕ ಕಾಯಿಲೆ, ರಕ್ತಸಂಬಂಧದೊಳಗೇ ಮಕ್ಕಳಾಗೋದು, ಅವರ ಪೂರ್ವಿಕರು ಎಲ್ಲಿಂದ ಬಂದ್ರು ಅಂತೆಲ್ಲಾ ರಿಸರ್ಚ್ ಮಾಡಿದ್ರು. ನಾವು ಇಲ್ಲಿಯವ್ರೇ, ಈ ಕಣಿವೇಲೇ ಹುಟ್ಟಿದವ್ರು ಅಂತ ನಂಬಿರೋ ಜನಕ್ಕೆ ಹಾಗಲ್ಲ ಅಂತ ಬರೆದ್ರು. ಕೋರ್ಟಿಗೆ ಹೋಗಿ, 2010ರಲ್ಲಿ ಆ ರಿಸರ್ಚ್ ಮಾಡಿದ್ದ ಯೂನಿವರ್ಸಿಟಿ 41 ಜನಕ್ಕೆ 7 ಲಕ್ಷ ಡಾಲರ್ ಪರಿಹಾರ ಕೊಟ್ಟು ಉಳಿದಿದ್ದ ರಕ್ತನ ವಾಪಸ್ ಕೊಡ್ತು. ನಮ್ಮ ಫಾರ್ಮಿನಲ್ಲಿ "ಮುಂದಿನ ಸಂಶೋಧನೆಗೆ ಬಳಸಬಹುದು" ಅನ್ನೋ ಒಂದು ಸಾಲು ಕೊನೇಲಿ ಸೇರಿಸಿರ್ತಾರೆ, ಅದನ್ನ ಬೇರೆ ಪ್ರಶ್ನೆಯಾಗಿ ಕೇಳಿ, ಹೌದು ಅಥವಾ ಬೇಡ.

ದುಡ್ಡು ಕೊಡಬಹುದಾ?

ಓಡಾಟದ ಖರ್ಚು, ಹೋದ ಕೂಲಿ ಕೊಡಬಹುದು, ಕೊಡಲೇಬೇಕು ಅಂತ ನನ್ನ ಅಭಿಪ್ರಾಯ. ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚೀಲೂ ಅದಕ್ಕೆ ಜಾಗ ಇದೆ, ಮೊತ್ತನ ಎಥಿಕ್ಸ್ ಕಮಿಟಿ (ಅಧ್ಯಯನ ನ್ಯಾಯವಾಗಿದೆಯಾ ಅಂತ ನೋಡಿ ಒಪ್ಪಿಗೆ ಕೊಡೋ ಸಮಿತಿ) ಒಪ್ಪಬೇಕು ಅಷ್ಟೇ. ಅರ್ಧ ದಿನ ಕೂರಿಸ್ಕೊಂಡ್ರೆ ಅರ್ಧ ದಿನದ ಕೂಲಿ ಹೋಯ್ತು, 2020-21ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ 275 ರೂಪಾಯಿ ಇತ್ತು, ಅದನ್ನ ಅಳತೆ ಮಾಡ್ಕೊಳ್ಳಿ. ಲಾಕ್‌ಡೌನಲ್ಲಿ ಮನೇಲಿ ಅಕ್ಕಿ ಇಲ್ಲದಾಗ ಸಾವಿರಗಟ್ಲೆ ತೋರಿಸಿದ್ರೆ ಮಾತ್ರ ಅದು ಆಮಿಷ ಆಗತ್ತೆ, ಮನಸ್ಸಿಲ್ಲದಿದ್ರೂ ಬರ್ತಾರೆ. ಫುಡ್ ಕಿಟ್ ಕೊಡೋದಾದ್ರೆ ಸರ್ವೇಗೆ ಒಪ್ಪದವ್ರಿಗೂ ಕೊಡಿ.

ಫೋನಲ್ಲಿ ಸರ್ವೆ ಮಾಡಿದ್ರೆ ಸೋಂಕಿನ ಭಯನೂ ಇಲ್ಲ, ಖರ್ಚೂ ಕಮ್ಮಿ, ಅಲ್ವಾ?

ಮನೇಲಿ ಒಂದು ಫೋನ್, ಅದು ಗಂಡನ ಜೇಬಲ್ಲಿ. ಸಿಗ್ನಲ್ ಬೇಕಂದ್ರೆ ಗುಡ್ಡ ಹತ್ಬೇಕು. 2021ರಲ್ಲಿ ಲಸಿಕೆಗೆ ಕೋವಿನ್ ವೆಬ್‌ಸೈಟಲ್ಲಿ ರಿಜಿಸ್ಟ್ರೇಷನ್ ಅಂದಾಗ ಏನಾಯ್ತು ಅಂತ ಎಲ್ರಿಗೂ ಗೊತ್ತು, ಸುಪ್ರೀಂ ಕೋರ್ಟೇ ಹಳ್ಳಿ ಜನ ಹೇಗೆ ಮಾಡ್ತಾರೆ ಅಂತ ಕೇಳ್ತು. ಫೋನ್ ಸರ್ವೆ ಮಾಡಿ, ತಪ್ಪಿಲ್ಲ, ಆದ್ರೆ ಯಾರು ಬಿಟ್ಟುಹೋದ್ರು ಅಂತ ರಿಪೋರ್ಟಿನ ಮೊದಲ ಪುಟದಲ್ಲೇ ಬರೀರಿ.

ಆಶಾಗಳ ಕೈಲೇ ಎಲ್ಲಾ ಮಾಡಿಸಬಹುದಲ್ವಾ?

ಈ ಪ್ರಶ್ನೆ ಕೇಳಿದ್ರೆ ನಂಗೆ ಹೊಟ್ಟೆ ಉರಿಯತ್ತೆ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ರು, 2020ರ ಜುಲೈನಲ್ಲಿ ತಿಂಗಳಿಗೆ 12 ಸಾವಿರ ಗೌರವಧನ ಕೊಡಿ ಅಂತ ಮುಷ್ಕರ ಮಾಡಿದ್ರು. ಅದಕ್ಕೂ ಮುಂಚೆ ಏಪ್ರಿಲಲ್ಲಿ ಬೆಂಗಳೂರಲ್ಲೇ ಸರ್ವೇಗೆ ಹೋದ ಆಶಾ ಮೇಲೆ ಹಲ್ಲೆ ಆಗಿತ್ತು. ಅವರ ಮೇಲೆ ಜನ ಇಟ್ಟಿರೋ ನಂಬಿಕೆ ವರ್ಷಗಟ್ಲೆ ಬಾಣಂತಿ ಮನೆಗೆ ನಡೆದು ನಡೆದು ಬಂದಿದ್ದು, ನಿಮ್ಮ ಸರ್ವೇಲಿ ತಪ್ಪಾದ್ರೆ ನೀವು ವಾಪಸ್ ಊರಿಗೆ ಹೋಗ್ತೀರಿ, ಬೈಗುಳ ತಿನ್ನೋದು ಅವ್ರು. ಕೆಲಸ ಕೊಟ್ರೆ ಅದಕ್ಕೆ ಬೇರೆ ದುಡ್ಡು, ಒಳ್ಳೇ ಮಾಸ್ಕು, ಊಟ, ಗಾಡಿ ಕೊಡಿ, ಬೇಡ ಅನ್ನೋ ಹಕ್ಕೂ ಅವ್ರಿಗಿರ್ಲಿ. ರಿಪೋರ್ಟಲ್ಲಿ ಅವರ ಕೆಲಸದ ಉಲ್ಲೇಖನೂ ಇರ್ಲಿ.

ಅರ್ಜೆಂಟ್ ಇದೆ, ಎಥಿಕ್ಸ್ ಕಮಿಟಿ ಬೇಕೇ ಬೇಕಾ?

ಬೇಕು. ತುರ್ತು ಅಂತ ಯಾವ ನಿಯಮನೂ ಮಾಯ ಆಗಲ್ಲ. ಐಸಿಎಂಆರ್ 2020ರ ಏಪ್ರಿಲ್‌ನಲ್ಲೇ ಕೋವಿಡ್ ಕಾಲಕ್ಕೆ ಅಂತ ಬೇರೆ ಮಾರ್ಗಸೂಚಿ ತಂತು, ಆನ್‌ಲೈನ್ ಮೀಟಿಂಗ್ ಮಾಡಿ ಬೇಗ ನೋಡಿ ಅಂತ. ಕಮಿಟೀಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ಗೊತ್ತಿರೋರು, ಸಾಮಾನ್ಯ ಜನರ ಪ್ರತಿನಿಧಿ ಇರ್ಲೇಬೇಕು. ಆ ಪ್ರತಿನಿಧಿ ಸೀಟಿಗೆ ರಿಟೈರ್ಡ್ ಮೇಷ್ಟ್ರನ್ನ ಕೂರಿಸೋ ಬದಲು ಒಬ್ಬ ಪೌರಕಾರ್ಮಿಕ ಸಂಘದವ್ರನ್ನ, ಒಬ್ಬ ಸೋಲಿಗ ಹೆಣ್ಣುಮಗಳನ್ನ ಕರೀರಿ. ಇದೆಲ್ಲಾ ರೋಗ ಇಲ್ಲದ ಕಾಲದಲ್ಲೇ ಮಾಡಿಡಬೇಕು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ್ರೆ ಆಗಲ್ಲ.

ಹೆಸರು, ವಿಳಾಸ ಗುಟ್ಟಾಗಿಡೋದು ಅಷ್ಟು ಮುಖ್ಯನಾ? ಹಳ್ಳೀಲಿ ಎಲ್ರಿಗೂ ಎಲ್ಲಾ ಗೊತ್ತಿರತ್ತಲ್ಲ?

ಗೊತ್ತಿರತ್ತೆ ಅಂತಾನೇ ಮುಖ್ಯ. 2020ರ ಮಾರ್ಚ್‌ನಲ್ಲಿ ಕೈಗೆ ಸೀಲ್ ಹಾಕಿದ್ದು, ಹೋಮ್ ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿ ಬಹಿರಂಗ ಆಗಿದ್ದು ನೆನಪಿದೆಯಲ್ಲ, ಬಾಡಿಗೆ ಮನೆ ಖಾಲಿ ಮಾಡಿ ಅಂದವ್ರೂ ಇದ್ರು. ನಲವತ್ತು ಮನೆ ಪೋಡಿನ ಹೆಸರು ಹಾಕಿ "ಮೂರು ಜನಕ್ಕೆ ಪಾಸಿಟಿವ್" ಅಂತ ಬರೆದ್ರೆ ಆ ಮೂರು ಜನ ಯಾರು ಅಂತ ಸಂತೇಲಿ ತರಕಾರಿ ಮಾರೋರಿಗೂ ಗೊತ್ತಾಗತ್ತೆ, ಅವರ ಹತ್ರ ಯಾರೂ ಜೇನು ತಗೊಳ್ಳಲ್ಲ. ಪೋಡಿನ ಹೆಸರು ಬಿಟ್ಟು ತಾಲೂಕಿನ ಮಟ್ಟದಲ್ಲಿ ಲೆಕ್ಕ ಕೊಡಿ.

ಚೆನ್ನಾಗಿ ನಡೆದ ಉದಾಹರಣೆ ಇದೆಯಾ?

ಇದೆ. ಅಮೆರಿಕದ ನವಾಹೋ ಜನರಿಗೆ ತಮ್ಮದೇ ರಿಸರ್ಚ್ ಪರಿಶೀಲನಾ ಮಂಡಳಿ ಇದೆ, ಅವ್ರು ಒಪ್ಪದೇ ಅವರ ನೆಲದಲ್ಲಿ ಅಧ್ಯಯನ ಮಾಡಂಗಿಲ್ಲ, 2002ರಲ್ಲಿ ಜೆನೆಟಿಕ್ ರಿಸರ್ಚನ್ನೇ ತಡೆಹಿಡಿದಿದ್ರು. ಅಂಥವ್ರೇ 2020ರಲ್ಲಿ ಫೈಜರ್ ಲಸಿಕೆ ಟ್ರಯಲ್ಲಿಗೆ ಒಪ್ಪಿ ಸ್ವಯಂಸೇವಕರನ್ನ ಕೊಟ್ರು. ಬೇಡ ಅನ್ನೋ ಅಧಿಕಾರ ಕೈಲಿದ್ದಿದ್ದಕ್ಕೇ ಧೈರ್ಯವಾಗಿ ಹೂಂ ಅಂದ್ರು ಅಂತ ನನ್ನ ನಂಬಿಕೆ. ಅದೇ ವರ್ಷ ಮಾಡರ್ನಾ ಅನ್ನೋ ಲಸಿಕೆ ಕಂಪನಿಯವ್ರು ಕಪ್ಪು, ಲ್ಯಾಟಿನೋ ಜನ ಸಾಕಷ್ಟು ಬಂದಿಲ್ಲ ಅಂತ ಸೆಪ್ಟೆಂಬರಲ್ಲಿ ಟ್ರಯಲ್ಲಿನ ಸೇರ್ಪಡೆನೇ ನಿಧಾನ ಮಾಡಿದ್ರು, ಕೊನೆಗೆ 30 ಸಾವಿರ ಜನರಲ್ಲಿ 37 ಪರ್ಸೆಂಟ್ ಬಿಳಿಯರಲ್ಲದ ಸಮುದಾಯದವ್ರು ಇದ್ರು.

ನಮ್ಮ ಮಲೆನಾಡಲ್ಲೂ ಇದೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾದಾಗಿನಿಂದ, ಮಂಗ ಸತ್ತು ಬಿದ್ದಿರೋದು ಮೊದ್ಲು ಕಾಣೋದು ಸೊಪ್ಪು, ಸೌದೆಗೆ ಹೋಗೋರ ಕಣ್ಣಿಗೆ. ಅವ್ರು ಬಂದು ಹೇಳಿದ್ರೆ ತಾನೇ ಇಲಾಖೆ ಆ ರೋಗ ಹರಡೋ ಉಣ್ಣೆ ಹುಳ ಹುಡುಕೋದು, ಸ್ಯಾಂಪಲ್ ಕಳಿಸೋದು. ಅವ್ರನ್ನ ಯಾರೂ ರಿಸರ್ಚರ್ ಅಂತ ಕರೆಯಲ್ಲ, ನಾನು ಕರೀತೀನಿ.

ರಿಸಲ್ಟ್ ವಾಪಸ್ ಹೇಳೋದು ಹೇಗೆ? ಪೇಪರ್ ಪಬ್ಲಿಷ್ ಆಗೋ ತನಕ ಕಾಯ್ಬೇಕಾ?

ಅವರವರ ರಕ್ತದ ರಿಪೋರ್ಟಿಗೆ ಯಾವ ಪೇಪರಿಗೂ ಕಾಯ್ಬೇಡಿ. ನಾನೇ ಇದ್ದ ಒಂದು ಅಧ್ಯಯನದಲ್ಲಿ ದೊಡ್ಡೋರು ಜರ್ನಲ್ಲಲ್ಲಿ ಬರೋ ತನಕ ಬೇಡ ಅಂದ್ರು, ಅಷ್ಟೊತ್ತಿಗೆ ಹತ್ತು ತಿಂಗ್ಳಾಗಿತ್ತು, ಹಿಮೋಗ್ಲೋಬಿನ್ 6, ಅಂದ್ರೆ ರಕ್ತ ತೀರಾ ಕಮ್ಮಿ, ಅಂತ ನಮ್ಮ ಲ್ಯಾಪ್‌ಟಾಪಲ್ಲಿ ಗೊತ್ತಿದ್ದ ಒಬ್ಬ ಬಸುರಿಗೆ ಆ ವಿಷಯ ಗೊತ್ತಿರ್ಲಿಲ್ಲ. ಆಶಾ ಅಕ್ಕನೇ ಬೇರೆ ಟೆಸ್ಟಲ್ಲಿ ಕಂಡುಹಿಡಿದು ಆಸ್ಪತ್ರೆಗೆ ಕರ್ಕೊಂಡು ಹೋದ್ರು, ತಾಯಿ ಮಗು ಇಬ್ರೂ ಉಳ್ಕೊಂಡ್ರು. ಅವತ್ತಿಂದ ನಾನು ಯಾವ ಟೀಮಿಗೆ ಸೇರಿದ್ರೂ ಮೊದ್ಲು ಕೇಳೋದು, ರಿಪೋರ್ಟ್ ಯಾವ ತಾರೀಕಿಗೆ ಯಾರು ತಗೊಂಡು ಹೋಗ್ತಾರೆ ಅಂತ.

ಊರಿನ ಒಟ್ಟು ರಿಸಲ್ಟನ್ನ ಹೇಳಕ್ಕೆ ಪಿಪಿಟಿ ಬೇಡ. ನೂರು ಅವರೆಕಾಳು ತಗೊಂಡು ಹೋಗಿ ಚಾಪೆ ಮೇಲೆ ಹರಡಿ, ಇದು ನಿಮ್ಮೂರಿನ ನೂರು ಜನ, ಇಷ್ಟು ಜನಕ್ಕೆ ಸೋಂಕು ಬಂದು ಹೋಗಿದೆ ಅಂತ ಒಂದು ಕಡೆ ಸರಿಸಿ ತೋರಿಸಿ. ಮಕ್ಕಳೇ ಎಣಿಸ್ತಾರೆ.

ನಾನು ಹಾಡಿಯವ್ನು. ನಮ್ಮಲ್ಲಿಗೆ ಟೀಮ್ ಬಂದಿದೆ, ನಾವೇನು ಕೇಳ್ಬೇಕು?

ಈ ಪ್ರಶ್ನೆ ನಂಗೆ ಬಂದಿದ್ದು ಒಂದೇ ಸಲ, ಅದಕ್ಕೇ ಕೊನೇಲಿ ಬೇಕು ಅಂತ ಹಾಕಿದೀನಿ. ಕೇಳಿ ಅಣ್ಣ, ಯಾರು ದುಡ್ಡು ಹಾಕಿ ಮಾಡಿಸ್ತಿದಾರೆ ಅಂತ ಕೇಳಿ, ಬರೀ ಸರ್ವೇನಾ ಔಷಧಿ ಟ್ರಯಲ್ಲಾ ಅಂತ ಕೇಳಿ, ಟ್ರಯಲ್ ಆದ್ರೆ ಏನಾದ್ರೂ ಹೆಚ್ಚುಕಮ್ಮಿ ಆದಾಗ ಚಿಕಿತ್ಸೆ, ಪರಿಹಾರ ಯಾರು ಕೊಡ್ತಾರೆ ಅಂತ ಕೇಳಿ (2019ರ ಹೊಸ ಔಷಧ ಮತ್ತು ಟ್ರಯಲ್ ನಿಯಮದಲ್ಲಿ ಅದು ನಿಮ್ಮ ಹಕ್ಕು), ಮಧ್ಯದಲ್ಲಿ ಬಿಟ್ಟು ಬರಬಹುದಾ ಅಂತ ಕೇಳಿ, ರಿಪೋರ್ಟ್ ಯಾವಾಗ ತರ್ತೀರಿ ಅಂತ ತಾರೀಕು ಬರೆಸ್ಕೊಳ್ಳಿ. ಸಮ್ಮತಿ ಪತ್ರದ ನಿಮ್ಮ ಪ್ರತಿ ಕೇಳಿ ತಗೊಂಡು ರೇಷನ್ ಕಾರ್ಡ್ ಜೊತೆ ಇಟ್ಕೊಳ್ಳಿ. ಅದ್ರಲ್ಲಿ ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಇರ್ಬೇಕು, ಇಲ್ಲಾಂದ್ರೆ ಹೆಬ್ಬೆಟ್ಟು ಒತ್ತಬೇಡಿ, ಬರ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿ.